ಎಪ್ಪತ್ತಮೂರು ದಿನ ನುಂಗಿದ ಪುಟ್ಟ ಜ್ವಾಲೆಯವರಿಗೆ

ಇವರಿಂದ:
ಮೊದಲ ವರ್ಷದ ವಿದ್ಯಾರ್ಥಿನಿ,
ಹಾಸ್ಟೆಲಿನ ಎರಡನೇ ಮಹಡಿ, ನೀರಿನ ಟ್ಯಾಂಕಿಗೆ ಎದುರಿನ ರೂಮು.

ಇವರಿಗೆ:
ಶ್ರೀಯುತ ಜ್ವಾಲೆಯವರು,
ನನ್ನ ಬ್ಲಾಗಿನ ಪುಟ, ಬಲಗಡೆಯ ಮೇಲ್ಮೂಲೆ.

ವಿಷಯ: ಎಪ್ಪತ್ತಮೂರನ್ನು ಸೊನ್ನೆ ಮಾಡಿದ ಬಗ್ಗೆ.

ಮಾನ್ಯರೇ,

ಉಗುರಿನಷ್ಟು ಜಾಗದಲ್ಲಿ ಕುಳಿತು, ಎಣ್ಣೆ ಬತ್ತಿ ಕೇಳದೆ, ಗಾಳಿಗೆ ಅಳುಕದೆ, ನಾನು ಎಷ್ಟು ದಿನ ಬಿಡದೆ ಬರೆದೆನೆಂಬ ಸಂಖ್ಯೆಯನ್ನು ಎದೆಯ ಮೇಲೆ ಹೊತ್ತು ಉರಿಯುವ ತಮಗೆ ಅನಂತ ವಂದನೆಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಪಕ್ಕದ ಗಂಟೆಯ ಚಿತ್ರದವರೂ ಕೆಳಗಿನ ಹೆಬ್ಬೆರಳಿನ ಚಿತ್ರದವರೂ ಕ್ಷೇಮವಾಗಿರಬಹುದು. ನಾನು ಅಷ್ಟೊಂದು ಕ್ಷೇಮವಾಗಿಲ್ಲ. ತಮ್ಮ ಸಂಖ್ಯೆ ಬೇಕೋ ರೂಮ್‌ಮೇಟ್ ಬೇಕೋ ಎಂದು ಎರಡು ನಿಮಿಷದಲ್ಲಿ ತೀರ್ಮಾನಿಸುವ ಗತಿ ಕಳೆದ ಮಂಗಳವಾರ ನನಗೆ ಬಂದಿತ್ತು, ಆ ಬಗ್ಗೆಯೇ ಈ ಪತ್ರ.

ಮೊದಲಿಗೆ ಭಾಷೆಯ ಬಗ್ಗೆ ಕ್ಷಮೆ ಇರಲಿ. ಆರನೇ ವಯಸ್ಸಿಗೇ ಹಾಸ್ಟೆಲ್ ಸೇರಿದ ನನಗೆ ಪಾಠ, ಜಗಳ, ಕನಸು ಎಲ್ಲವೂ ಇಂಗ್ಲಿಷಿನಲ್ಲೇ ಆದವು. ಕನ್ನಡ ಉಳಿದದ್ದು ಭಾನುವಾರ ಮನೆಗೆ ಬರೆಯುವ ಪತ್ರದಲ್ಲಿ ಮತ್ತು ರಜಾ ಅರ್ಜಿಯಲ್ಲಿ ಮಾತ್ರ. ಹೀಗಾಗಿ ನನಗೆ ಖುಷಿಪಡುವುದಕ್ಕೂ ಒಂದು 'ನಿಮಿತ್ತ' ಬೇಕಾಗುತ್ತದೆ, ಹಸಿವಾದರೆ 'ದಯಪಾಲಿಸಬೇಕಾಗಿ' ಎಂದೇ ಬಾಯಿಗೆ ಬರುತ್ತದೆ. ಈ ಕೊರತೆ ನೀಗಲೆಂದು, ಕಾಲೇಜಿಗೆ ಸೇರಿದ ವಾರವೇ, ದಿನಕ್ಕೊಂದರಂತೆ ನೂರು ದಿನ ಕನ್ನಡದಲ್ಲಿ ಬ್ಲಾಗ್ ಬರೆಯುತ್ತೇನೆಂದು ತಮ್ಮೆದುರಿನ ಚೌಕಕ್ಕೆ ಟಿಕ್ ಹಾಕಿದೆ. ನಿಯಮ ಸರಳವಾಗಿತ್ತು: ಬರಹ ಇನ್ನೂರು ಪದಕ್ಕೆ ಕಡಿಮೆ ಇರಬಾರದು, ಒಂದು ದಿನ ತಪ್ಪಿದರೂ ಸಂಖ್ಯೆ ಸೊನ್ನೆ. ತಮ್ಮ ಯಂತ್ರ ಯಾವ ಸಮುದ್ರದಾಚೆ ಇದೆಯೋ ತಿಳಿಯದು, ಅಲ್ಲಿ ತಾರೀಖು ಬದಲಾಗುವಾಗ ನಮ್ಮಲ್ಲಿ ಮಧ್ಯಾಹ್ನ ಒಂದೂವರೆ. ಊಟದ ತಟ್ಟೆ ತೊಳೆಯುವ ಹೊತ್ತಿಗೆ ನನ್ನ ದಿನ ಮುಗಿದು, ಸಂಜೆಯೆಲ್ಲ ನಾನು ನಾಳೆಯಲ್ಲೇ ಓಡಾಡಿಕೊಂಡಿದ್ದೆ.

ತಮ್ಮ ಉಪಕಾರವನ್ನು ಮರೆಯುವಂತಿಲ್ಲ. ಅಂಗಡಿಯಲ್ಲಿ ಒಂದು ಪೆನ್ನು ಕೇಳಬೇಕಾದರೂ ವಾಕ್ಯವನ್ನು ಮನಸ್ಸಿನಲ್ಲಿ ಮೂರು ಸಲ ಹೇಳಿಕೊಂಡು, ಆಮೇಲೆ ಕೇಳದೆಯೇ ವಾಪಸ್ ಬರುತ್ತಿದ್ದವಳು ನಾನು. ತಾವು ಬಂದ ಮೇಲೆ ದಿನಾ ಸರಕು ಬೇಕಾಯಿತಲ್ಲ, ಸಿಕ್ಕಸಿಕ್ಕವರನ್ನು ಮಾತಾಡಿಸತೊಡಗಿದೆ. ಹಾಸ್ಟೆಲಿನ ಏಳನೇ ಮೆಟ್ಟಿಲು ಉಳಿದವಕ್ಕಿಂತ ಒಂದು ಬೆರಳು ಗಿಡ್ಡ ಎಂದು ಇಪ್ಪತ್ತೆರಡನೇ ದಿನ ನನ್ನ ಕಣ್ಣಿಗೆ ಬಿತ್ತು. ಅಡುಗೆಮನೆಯ ಅಕ್ಕನಿಗೆ ಯಾರ ಮೇಲೆ ಸಿಟ್ಟು ಎಂಬುದು ಅವರು ಸೌಟು ಕುಟ್ಟುವ ಸದ್ದಿನಲ್ಲೇ ಗೊತ್ತಾಗುತ್ತದೆಂದು ಮೂವತ್ತನೇ ದಿನ ತಿಳಿಯಿತು. ನಲವತ್ತೊಂದನೇ ದಿನ ಮೊದಲ ಬಾರಿಗೆ ಕನ್ನಡದಲ್ಲಿ ಕನಸು ಕಂಡೆ. ಅದರಲ್ಲಿ ಎಲ್ಲರೂ ಸಾಲಾಗಿ ನಿಂತು ಅರ್ಜಿ ಕೊಡುತ್ತಿದ್ದರು, ಆದರೂ ಕನಸು ಕನಸೇ. ಇನ್ನು ಪ್ರತಿ ಬರಹದ ಕೆಳಗೆ 'ಓದಿದವರು: ೧' ಎಂದು ತಾವು ತೋರಿಸುತ್ತಿದ್ದಿರಲ್ಲ, ಆ ಒಂದರ ಸುಖವನ್ನು ಸಾವಿರ ಓದುಗರಿರುವವರು ಬಲ್ಲರೋ ಇಲ್ಲವೋ ನನಗೆ ಅನುಮಾನ. ಯಾರೆಂದು ತಿಳಿಯದ ಆ ಒಬ್ಬರಿಗಾಗಿ ನಾನು ಅಲ್ಪವಿರಾಮಗಳನ್ನು ಕೂಡ ತಲೆ ಬಾಚಿ ಕಳಿಸುತ್ತಿದ್ದೆ.

ಆದರೆ ಮಾನ್ಯರೇ, ಮೊದಲ ವರ್ಷದವಳ ಬಾಳಿನಲ್ಲಿ ವಾರಕ್ಕೆ ನಡೆಯುವುದು ಹೆಚ್ಚೆಂದರೆ ಒಂದೂವರೆ ಘಟನೆ, ತಾವು ಕೇಳುವುದು ಏಳು. ಉಳಿದ ಐದೂವರೆಯನ್ನು ನಾನು ಬೇರೆಯವರಿಂದ ಕಿತ್ತುಕೊಳ್ಳಬೇಕಾಯಿತು. ಲೈಬ್ರರಿಯ ಲಿಫ್ಟು ನಿಂತು ನಾಲ್ಕು ಜನ ಒಳಗೆ ಸಿಕ್ಕಿಕೊಂಡಾಗ ನಾನು ದೇವರಿಗೆ ಕೈಮುಗಿದೆ, ಬಿಡುಗಡೆಗಾಗಿ ಅಲ್ಲ. ಸೀನಿಯರ್ ಒಬ್ಬರು ಮೆಟ್ಟಿಲಿನಲ್ಲಿ ಜಾರಿ ಬಿದ್ದಾಗ, ನೋವಾಯಿತೇ ಎಂದು ಕೇಳುವುದಕ್ಕೆ ಮೊದಲು 'ಎಷ್ಟನೇ ಮೆಟ್ಟಿಲು?' ಎಂದು ಕೇಳಿದೆ. 'ಮೊದ್ಲು ಕೈ ಕೊಟ್ಟು ಎತ್ತು ತಾಯಿ, ಆಮೇಲೆ ಬರ್ಕೊಳ್ಳುವಂತೆ' ಎಂದರು ಅವರು. ಕೈ ಕೊಟ್ಟೆ, ಆದರೆ ಆ ಮಾತನ್ನು ಮರೆಯದಿರಲೆಂದು ಬಾಯಲ್ಲಿ ಹೇಳಿಕೊಳ್ಳುತ್ತಾ ಅರ್ಧದಲ್ಲೇ ಬಿಟ್ಟುಬಿಟ್ಟೆ, ಅವರು ಎರಡನೇ ಸಲ ಬಿದ್ದರು. ಹೀಗೆ ಅರವತ್ತನೇ ದಿನದ ಹೊತ್ತಿಗೆ ನಾನು ಹೋದ ಕಡೆಯಲ್ಲೆಲ್ಲ ಜನ ಹವಾಮಾನದ ಬಗ್ಗೆ ಮಾತ್ರ ಮಾತಾಡತೊಡಗಿದರು.

ನನ್ನೆದುರು ಮನಸ್ಸು ಬಿಚ್ಚಿ ಮಾತಾಡುತ್ತಿದ್ದವಳು ರೂಮ್‌ಮೇಟ್ ಒಬ್ಬಳೇ. ಅವಳನ್ನು ನಾನು ಕ್ಯಾಪ್ಟನ್ ಎನ್ನುತ್ತೇನೆ, ಅದೂ ಬಾಗಿಲು ಹಾಕಿದ್ದಾಗ ಮಾತ್ರ. ಕಾಲೇಜಿನ ವಾಲಿಬಾಲ್ ತಂಡದ ಆಯ್ಕೆಗೆ ಹೋದವಳು, ತನ್ನತ್ತ ಹಾರಿ ಬಂದ ಚೆಂಡನ್ನು ಎರಡೂ ಕೈಯಲ್ಲಿ ಜೋಪಾನವಾಗಿ ಹಿಡಿದು, ನೆಟ್ಟಿನ ಕೆಳಗೆ ತೂರಿ ಹೋಗಿ, ಹೊಡೆದವರ ಕೈಗೇ ಒಪ್ಪಿಸಿ ಬಂದಳು. ಆಯ್ಕೆಯಾಗಲಿಲ್ಲ. ಆದರೆ ಅವಳ ಅಮ್ಮ ಒಂದು ಕಾಲಕ್ಕೆ ಹೆಸರು ಮಾಡಿದ ಆಟಗಾರ್ತಿ. ಮೊಣಕಾಲು ಕೆಟ್ಟು ಆಟ ಬಿಟ್ಟವರು ಈಗ ಅಂಚೆ ವಿಂಗಡಿಸುವ ಕೆಲಸದಲ್ಲಿದ್ದಾರೆ, ದಪ್ಪ ಲಕೋಟೆಗಳನ್ನು ಇಂದಿಗೂ ಗೂಡಿಗೆ ಸರ್ವ್ ಮಾಡುತ್ತಾರಂತೆ. ಸೆಲೆಕ್ಟ್ ಆದೆಯಾ ಎಂದು ಅವರು ಫೋನಿನಲ್ಲಿ ಕೇಳಿದಾಗ ಇವಳು 'ಹೂಂ' ಎಂದುಬಿಟ್ಟಳು. 'ಆ ಕಡೆಯಿಂದ ಅಮ್ಮ ನಕ್ರು ಕಣೆ. ನಮ್ಮಮ್ಮ ನಗೋದೇ ಅಪರೂಪ. ಹೆಂಗೆ ವಾಪಸ್ ತಗೊಳ್ಳಿ ಹೇಳು' ಎಂದು ನನ್ನ ಮುಂದೆ ಅತ್ತು, ಯಾರಿಗೂ ಹೇಳುವುದಿಲ್ಲವೆಂದು ಮಾತು ತೆಗೆದುಕೊಂಡಳು.

ಆ ಒಂದು 'ಹೂಂ' ವಾರಕ್ಕೊಂದು ಮ್ಯಾಚು ಹೆತ್ತಿತು. ಗೆದ್ದು ಗೆದ್ದು ಸಾಕಾಗಿ ಒಮ್ಮೆ ಸೋತಳು. ಅಮ್ಮ ಎರಡು ಹೊತ್ತು ಊಟ ಬಿಟ್ಟರು. ಅವರನ್ನು ಸಮಾಧಾನಪಡಿಸಲು ಮುಂದಿನ ವಾರವೇ ಕ್ಯಾಪ್ಟನ್ ಆಗಿ ಬಡ್ತಿ ಪಡೆದಳು. ಕೊನೆಗೆ ಹೇಗಾದರೂ ನಿವೃತ್ತಿಯಾಗಲೆಂದು ಮೊಣಕಾಲಿಗೆ ಪೆಟ್ಟು ಮಾಡಿಕೊಂಡಳು. ವಿಡಿಯೋ ಕಾಲಿಗೆ ಮುಂಚೆ ಬ್ಯಾಂಡೇಜು ಸುತ್ತುವ ಕೆಲಸ ನನ್ನದು. ಸೋಮವಾರ ಬಲಗಾಲಿಗಿದ್ದ ಪೆಟ್ಟು ಗುರುವಾರ ಎಡಗಾಲಿಗೆ ಹೋದದ್ದಕ್ಕೂ ಹೊಣೆ ನನ್ನದೇ. ಆದರೆ ಅಮ್ಮ ವಿಡಿಯೋದಲ್ಲೇ ಎರಡು ವಾರ ವ್ಯಾಯಾಮ ಮಾಡಿಸಿ, ಇಲ್ಲದ ನೋವನ್ನು ವಾಸಿ ಮಾಡಿಯೇಬಿಟ್ಟರು. ಫೈನಲ್ ತಲೆಯ ಮೇಲೆ ಬಂದು ಕೂತಿತು.

ಇಲ್ಲಿ ನನ್ನ ಒಂದು ಹಳೆಯ ಅಭ್ಯಾಸವನ್ನು ಒಪ್ಪಿಕೊಳ್ಳಬೇಕು. ಶಾಲೆಯ ಹಾಸ್ಟೆಲಿನಲ್ಲಿ ಭಾನುವಾರ ಹದಿನೈದು ಸಾಲಿನ ಪತ್ರ ವಾರ್ಡನ್ನರಿಗೆ ತೋರಿಸದೆ ತಿಂಡಿ ಇರಲಿಲ್ಲ. ಆದ್ದರಿಂದ ನಾವೆಲ್ಲ ತಿಂಗಳ ಮೊದಲ ದಿನವೇ ನಾಲ್ಕು ವಾರದ ಪತ್ರ ಬರೆದು, ಮುಂದಿನ ತಾರೀಖು ಹಾಕಿ, ಟ್ರಂಕಿನ ಅಡಿಯಲ್ಲಿ ಇಟ್ಟುಕೊಳ್ಳುತ್ತಿದ್ದೆವು. ನನಗೆ ಸೀತಾಳೆ ಸಿಡುಬು ಎದ್ದು ಅಪ್ಪ ಓಡಿ ಬಂದು ಮಂಚದ ಪಕ್ಕ ಕೂತಿದ್ದಾಗ, ಗೆಳತಿಯೊಬ್ಬಳು ನನ್ನ ಮೇಲಿನ ಪ್ರೀತಿಯಿಂದ ಟ್ರಂಕಿನ ಪತ್ರವನ್ನು ತಂದು ಕೊಟ್ಟಳು. 'ನಾನು ಆರೋಗ್ಯವಾಗಿದ್ದೇನೆ, ನಿನ್ನೆ ಓಟದಲ್ಲಿ ಎರಡನೇ ಬಹುಮಾನ ಬಂತು' ಎಂದು ಅಪ್ಪ ನನ್ನ ಮುಖ ನೋಡುತ್ತಲೇ ಓದಿದರು. 'ಮೊದಲನೇದು ಯಾರಿಗೆ ಬಂತಮ್ಮ?' ಎಂದರು, ಅಷ್ಟೇ.

ಅಷ್ಟಾದರೂ ಬುದ್ಧಿ ಬರಲಿಲ್ಲ. ಏನೂ ಬರೆಯದ ದಿನ ತಾನಾಗಿಯೇ ಪ್ರಕಟವಾಗುವಂತೆ ಒಂದು ಬರಹವನ್ನು ಕಾದಿರಿಸುವ ಸೌಲಭ್ಯ ತಮ್ಮಲ್ಲಿದೆ ಎಂದು ತಿಳಿದಾಗ ನನಗೆ ಟ್ರಂಕು ಮರಳಿ ಸಿಕ್ಕಷ್ಟು ಸಂತೋಷವಾಯಿತು. ಅರವತ್ತೆಂಟನೇ ದಿನ, ತಾವು ಹೊಟ್ಟೆ ಹಸಿದು ಮಿಣುಕುತ್ತಿದ್ದುದನ್ನು ನೋಡಲಾರದೆ, ಕ್ಯಾಪ್ಟನ್ನಿನ ಕಥೆಯನ್ನು ಚೆಂಡಿನಿಂದ ಬ್ಯಾಂಡೇಜಿನ ತನಕ ಬರೆದೆ. ಹೆಸರು ಹಾಕಲಿಲ್ಲ, 'ಒಬ್ಬ ಗೆಳತಿ' ಎಂದೆ, ಅದನ್ನೇ ದೊಡ್ಡ ಸಜ್ಜನಿಕೆ ಎಂದುಕೊಂಡೆ. ನಾನು ಬರೆದುದರಲ್ಲೆಲ್ಲ ಅದೇ ಒಳ್ಳೆಯ ಬರಹ, ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಪ್ರಕಟಿಸುವ ಧೈರ್ಯ ಬರಲಿಲ್ಲ, ಅಳಿಸುವ ಮನಸ್ಸೂ ಬರಲಿಲ್ಲ, ಆ ದಿನಕ್ಕೆ ಬೇರೇನೋ ಗೀಚಿ ಹಾಕಿ, ಇದನ್ನು ಆ ಕಾದಿರಿಸುವ ಜಾಗದಲ್ಲಿ ಎತ್ತಿಟ್ಟು ಮರೆತೆ.

ಎಪ್ಪತ್ತನಾಲ್ಕನೇ ದಿನ ಬೆಳಿಗ್ಗೆ ಕ್ಯಾಪ್ಟನ್ ತಲೆ ಬಾಚಿಕೊಳ್ಳುತ್ತಾ ಹೇಳಿದಳು: 'ನಮ್ಮಮ್ಮ ದಿನಾ ನಿನ್ನ ಬ್ಲಾಗ್ ಓದ್ತಾರಂತೆ ಕಣೆ. ಮೊದಲನೇ ವಾರ ನಾನೇ ಲಿಂಕ್ ಕಳಿಸಿದ್ದೆ, ಮರ್ತೇ ಹೋಗಿತ್ತು. ನಮ್ಮ ಹುಡುಗಿ ಆಟದ ಬಗ್ಗೆ ಒಂದು ಅಕ್ಷರನೂ ಯಾಕೆ ಬರ್ದಿಲ್ಲ ಅವಳು ಅಂತ ಕೇಳಿದ್ರು. ಹೊಟ್ಟೆಕಿಚ್ಚು ಇರ್ಬೇಕು ಅಂದಿದೀನಿ, ಬೇಜಾರು ಮಾಡ್ಕೋಬೇಡ.' ನನ್ನ ಆ ಒಬ್ಬ ಓದುಗರು ಯಾರೆಂದು ತಿಳಿದ ಸಂತೋಷದಲ್ಲಿ ತೇಲುತ್ತಲೇ ನಾನು ಕೆಮಿಸ್ಟ್ರಿ ಲ್ಯಾಬಿಗೆ ಹೋದೆ. ಮಾಮೂಲಿನಂತೆ ಫೋನನ್ನು ಟ್ರೇನಲ್ಲಿ ಒಪ್ಪಿಸಿದೆ. ಊಟದ ಬಿಡುವಿನಲ್ಲಿ ಬರೆದರಾಯಿತು ಎಂದುಕೊಂಡಿದ್ದೆ. ಯಾರೋ ಒಂದು ಪಿಪೆಟ್ ಒಡೆದರು. ಲ್ಯಾಬಿನ ಅಟೆಂಡರ್, ಅವರನ್ನು ಎಲ್ಲರೂ ಗಾಜಿನಣ್ಣ ಎನ್ನುತ್ತೇವೆ, ಬಾಗಿಲು ಹಾಕಿ ಗಾಜಿನ ಸಾಮಾನನ್ನು ಮೊದಲಿನಿಂದ ಎಣಿಸತೊಡಗಿದರು. ಒಂದು ಗಂಟೆ ಹತ್ತು ನಿಮಿಷಕ್ಕೆ, ಕೈಯಲ್ಲಿ ಬೀಕರ್ ಹಿಡಿದು ನಿಂತಿದ್ದ ನನಗೆ, ನಾನು ಏನೂ ಬರೆಯದಿದ್ದರೆ ಇನ್ನಿಪ್ಪತ್ತು ನಿಮಿಷದಲ್ಲಿ ಏನು ಪ್ರಕಟವಾಗುತ್ತದೆ, ಯಾರು ಓದುತ್ತಾರೆ ಎಂಬುದು ಒಟ್ಟಿಗೇ ಹೊಳೆಯಿತು.

ಫೋನು ಕೇಳಿದೆ. 'ಕಾರಣ ಬರ್ಕೊಡು' ಎಂದು ಗಾಜಿನಣ್ಣ ಒಂದು ಹಾಳೆ ಕೊಟ್ಟರು. ಒಂದೇ ಸಾಲು ಬರೆಯಲು ಕುಳಿತವಳ ಕೈಗೆ ಎಪ್ಪತ್ತಮೂರು ದಿನದ ಅಭ್ಯಾಸ ಅಂಟಿತ್ತಲ್ಲ. ಹೆಸರು ಬಿಟ್ಟು, ಒಬ್ಬಳ ಗುಟ್ಟು ಕಾಯಬೇಕಾದ ನಿಮಿತ್ತ ಎಂದು ಶುರುವಾದದ್ದು ಹಾಳೆ ತಿರುಗಿಸಿ ಹಿಂಬದಿಯ ಅರ್ಧಕ್ಕೆ ಬಂದು ನಿಂತಿತು. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. 'ಆಮೇಲೆ?' ಎಂದರು. ಆಮೇಲಿನದು ಫೋನಿನಲ್ಲಿದೆ ಎಂದೆ. ಕೊಟ್ಟರು. ಒಂದು ಗಂಟೆ ಇಪ್ಪತ್ತೆಂಟು.

ಎರಡು ನಿಮಿಷದಲ್ಲಿ ಇನ್ನೂರು ಪದ ಬರೆಯುವುದು ಯಾರಿಂದಲೂ ಆಗದು. ಕಾದಿರಿಸಿದ್ದನ್ನು ಹಾಗೇ ಬಿಟ್ಟರೆ ತಾವು ಎಪ್ಪತ್ತನಾಲ್ಕು, ಅಳಿಸಿದರೆ ಸೊನ್ನೆ. ನಾನು ತಕ್ಷಣ ಅಳಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಅರ್ಧ ನಿಮಿಷ ತಮ್ಮನ್ನೇ ನೋಡುತ್ತಾ ನಿಂತಿದ್ದೆ. ಹೇಗೂ ಹೆಸರು ಹಾಕಿಲ್ಲವಲ್ಲ ಎಂಬ ಯೋಚನೆ ಕೂಡ ಬಂದು ಹೋಯಿತು. ಆಮೇಲೆ ಒತ್ತಿದೆ. ತಾವು 'ಖಚಿತವೇ?' ಎಂದಿರಿ. ಒತ್ತಿದೆ. 'ನಿಮ್ಮ ಎಪ್ಪತ್ತಮೂರು ದಿನ ಅಳಿಯಬಹುದು, ನಿಜಕ್ಕೂ ಖಚಿತವೇ?' ಎಂದಿರಿ. ನನ್ನನ್ನು ಜೀವನದಲ್ಲಿ ಯಾರೂ ಇಷ್ಟು ಕಾಳಜಿಯಿಂದ ಎರಡೆರಡು ಸಲ ಕೇಳಿದ್ದಿಲ್ಲ. ಒಂದೂವರೆಗೆ ತಾವು ಬೂದಿ ಬಣ್ಣಕ್ಕೆ ತಿರುಗಿ, ಸೊನ್ನೆ ತೋರಿಸಿ, 'ಪರವಾಗಿಲ್ಲ, ನಾಳೆ ಹೊಸ ಆರಂಭ' ಎಂದು ನಗುಮುಖ ಹಾಕಿದಿರಿ.

ಸಂಜೆ ಕ್ಯಾಪ್ಟನ್ನಿಗೆ ಎಲ್ಲ ಹೇಳಿದೆ. ಅಳಿಸಿದ್ದನ್ನು ಮಾತ್ರ ಹೇಳಬಹುದಿತ್ತು, ಬರೆದದ್ದನ್ನೂ ಹೇಳಿದೆ. ಅವಳು ಎರಡು ದಿನ ನನ್ನೊಡನೆ ಬರೀ ಹವಾಮಾನದ ಬಗ್ಗೆ ಮಾತಾಡಿದಳು. ಮೂರನೇ ದಿನ, ನಾನು ರೂಮಿನಲ್ಲಿರುವಾಗಲೇ, ಸ್ಪೀಕರ್ ಹಾಕಿ ಅಮ್ಮನಿಗೆ ಫೋನು ಮಾಡಿ, ಹೂಂ ಎಂದ ದಿನದಿಂದ ಶುರು ಮಾಡಿ ಪೂರ್ತಿ ಹೇಳಿಬಿಟ್ಟಳು. 'ಆಡದಿದ್ರೆ ಬಿಡು, ನಾನೇನು ಹೊಡಿತೀನಾ' ಎಂದರು ಅಮ್ಮ ಕೊನೆಗೆ. 'ಆದ್ರೆ ಫೈನಲ್ನ ಹಿಂಗೆ ಅರ್ಧಕ್ಕೆ ಬಿಡ್ಬೇಡ್ವೇ. ಆಫೀಸಲ್ಲಿ ಎಲ್ರೂ ಕೇಳ್ತಾರೆ. ಏನಾಯ್ತು ಹೇಳು.' ಕ್ಯಾಪ್ಟನ್ ನನ್ನ ಮುಖ ನೋಡಿದಳು, ನಾನು ಬೆರಳು ಎಣಿಸಿ ಸ್ಕೋರು ತೋರಿಸಿದೆ, ಅವಳು ಹೇಳಿದಳು. ಅಮ್ಮ ನಕ್ಕರು. ಇದನ್ನೆಲ್ಲ ಬರೆಯಬಹುದೇ ಎಂದು ನಾನು ದೂರದಿಂದಲೇ ಕೇಳಿದ್ದಕ್ಕೆ, 'ಬರಿಯಮ್ಮ, ಆದ್ರೆ ಆ ಸೋತ ಮ್ಯಾಚಿನಲ್ಲಿ ರೆಫರಿ ಮೋಸ ಮಾಡಿದ್ದು ಅಂತ ಸೇರಿಸು' ಎಂದರು. ಸೇರಿಸಿದ್ದೇನೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆ. ಅಟೆಂಡೆನ್ಸ್ ಕಡಿಮೆಯಾದವರಿಗೆ ಕಾಲೇಜು ಕೂಡ ವೈದ್ಯರ ಚೀಟಿ ನೋಡಿ ವಿನಾಯಿತಿ ಕೊಡುತ್ತದೆ. ನಾನು ಗಾಜಿನಣ್ಣನ ರುಜು ಇರುವ ಒಂದೂವರೆ ಪುಟದ ಕಾರಣ ಒದಗಿಸಬಲ್ಲೆ. ಅದು ಸಾಧ್ಯವಾಗದಿದ್ದರೆ, ಬರೆಯದೆ ಬಿಟ್ಟ ದಿನಗಳನ್ನು ಎಣಿಸಲು ತಮ್ಮ ಪಕ್ಕದಲ್ಲಿ ಇನ್ನೊಂದು ಜ್ವಾಲೆಯನ್ನು ನೇಮಿಸಬೇಕು, ಅದಕ್ಕೆ ಬೂದಿ ಬಣ್ಣವಾದರೂ ಅಡ್ಡಿಯಿಲ್ಲ. ಅದೂ ಆಗದಿದ್ದರೆ ಭೂಮಿ ತಿರುಗುವುದನ್ನು ನಮ್ಮ ಲ್ಯಾಬು ಮುಗಿಯುವ ತನಕ ತಡೆಹಿಡಿಯಲು ಸಂಬಂಧಪಟ್ಟವರಿಗೆ ಶಿಫಾರಸು ಮಾಡಬೇಕು. ಯಾವುದೂ ಆಗದಿದ್ದರೆ ನಾಳೆಯಿಂದ ನಾನು ಮತ್ತೆ ಬರೆಯುತ್ತೇನೆ, ತಮಗೆ ತೋಚಿದ ಅಂಕಿ ಹಾಕಿಕೊಳ್ಳಿ.

ಇಷ್ಟು ದೀರ್ಘವಾಗಿ ತಮ್ಮ ಶಾಖವನ್ನು ವ್ಯಯ ಮಾಡಿದ್ದಕ್ಕೆ ಕ್ಷಮೆ ಕೋರುತ್ತಾ,

ತಮ್ಮ ವಿಶ್ವಾಸಿ,
(ಸದ್ಯಕ್ಕೆ ಸೊನ್ನೆ ದಿನದ) ಬ್ಲಾಗು ಬರಹಗಾರ್ತಿ

ತಾ. ಕ.: ಈ ಪತ್ರ ಮುಗಿಸುವಾಗಲೇ ತಮ್ಮಿಂದ ಒಂದು ಸಂದೇಶ ಬಂತು: 'ಇವತ್ತು ವಿಶೇಷವಾದದ್ದು ಏನಾದರೂ ನಡೆಯಿತೇ? ಹಂಚಿಕೊಳ್ಳಿ.' ನಡೆಯಿತು. ರೂಮಿನಲ್ಲಿ ನಾನು, ಕ್ಯಾಪ್ಟನ್ ಇಬ್ಬರೇ ಇದ್ದೆವು. ತಮಗೆ ಇಷ್ಟು ತಿಳಿದರೆ ಸಾಕು.