ಗುಂಗುರು ಬೆಕ್ಕಿನ ಬೀಗತನ

ಗಾದಿ ನನ್ನದು, ಚಾಪೆಯ ಮೇಲೆ ಮಲಗುವವನೂ ನಾನೇ. ಈ ಅನ್ಯಾಯದ ಮೂಲಪುರುಷ ಅಮೀರಸಾಬ, ಬೈಕುಲ್ಲಾದಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ ವಿಜಾಪುರದ ಗೆಳೆಯ. ಹೋದ ತಿಂಗಳು ತೀರಿಕೊಂಡ. ಜಗಳವಾಡಲು ಅವನಿಲ್ಲದ್ದರಿಂದ ನಿಮ್ಮ ಮುಂದೆ ಹೇಳುತ್ತಿದ್ದೇನೆ.

ರೈಲು ಮುಷ್ಕರದ ವರ್ಷ ಅವನ ಹತ್ತಿಯ ರಾಶಿಯಲ್ಲಿ ಗುಂಗುರು ಕೂದಲಿನ ಹೆಣ್ಣುಮರಿಯೊಂದು ಸಿಕ್ಕಿತು. ಗುಲಶನ ಎಂದು ಹೆಸರಿಟ್ಟ. ಪರ್ಶಿಯನ್ನರಿಗೆ ಒಂದು ಬೆಕ್ಕಿನ ತಳಿಯಿದ್ದಂತೆ ಬೈಕುಲ್ಲಾಕ್ಕೂ ಒಂದಿರಬೇಕೆಂದು ಹಟ ಹಿಡಿದ. ಆದರೆ ಗುಲಶನ ಹೆತ್ತದ್ದೆಲ್ಲ ನೆಟ್ಟನೆಯ ಕೂದಲಿನವು! ಮರಿಗಳನ್ನು ಚೀಲದಲ್ಲಿ ತುಂಬಿಕೊಂಡು ಲೋಕಲ್ ರೈಲು ಹತ್ತಿ ಪಾರ್ಲೆಯ ನಮ್ಮ ಚಾಳಿನ ಮನೆಗೆ ಬಂದ.

"ನಿಮ್ಮ ಪುಸ್ತಕ ಏನಂತಾವ, ಮಾಸ್ತರ?"

"ಗುಂಗುರು ಒಳಗ ಅಡಗಿರತದ. ಈ ಅಣ್ಣ-ತಂಗೀನ್ನ ಕೂಡಿಸಿದ್ರ ಹೊರಗ ಬರತದ," ಎಂದು ವಂಶಶಾಸ್ತ್ರ ಬಿಚ್ಚಿದೆ.

ಲಟ್ಟಣಿಗೆ ಹಿಡಿದು ನನ್ನ ಹೆಂಡತಿ ಕಾಶವ್ವ ಹೊರಬಂದಳು. "ಅಣ್ಣ-ತಂಗಿ ಲಗ್ನಾ? ನನ್ನ ಮನ್ಯಾಗ? ಬೇಕಾದ್ರ ಸೋದರಮಾವಗ ಕೊಡ್ರಿ!"

"ತೌಬಾ!" ಅಮೀರಸಾಬ ಕಿವಿ ಹಿಡಿದುಕೊಂಡ. "ಮಾಮಾ ಅಂದ್ರ ತಂದಿ ಇದ್ದಂಗ, ವೈನಿ. ಚಿಕ್ಕಪ್ಪನ ಮಗಗ ಕೊಡೂಣು."

"ಅಯ್ಯ, ಅವ ಅಣ್ಣ ಆಗ್ತಾನ!"

"ಮಾಮಾನ್ನ ಯಾರರೆ ಮಾಡ್ಕೋತಾರೇನ್ರಿ?"

"ನಾ ಮಾಡ್ಕೊಂಡಿಲ್ಲೇನ?" ಲಟ್ಟಣಿಗೆ ನನ್ನತ್ತ ತಿರುಗಿತು. (ನಾನು ಅವಳ ತಾಯಿಯ ತಮ್ಮ.) ಅಮೀರಸಾಬ ನನ್ನನ್ನು ಕನಿಕರದಿಂದ ನೋಡಿದ.

ಕೊನೆಗೆ ಎರಡೂ ಪಕ್ಷಕ್ಕೆ ಒಪ್ಪಿಗೆಯಾದ ವರ ಒಬ್ಬನೇ: ಸೋದರತ್ತೆಯ ಮಗ. (ನನ್ನ ಎಂ.ಎ.ಗೆ ಮತವಿರಲಿಲ್ಲ.) ಗುಲಶನಳ ಮಗನಿಗೆ ಮಗಳು, ಮಗಳಿಗೆ ಮಗ ಹುಟ್ಟಿ ಪ್ರಾಯಕ್ಕೆ ಬರುವ ತನಕ ಕಾದೆವು. ಕನ್ಯೆ ನೂರಜಹಾನಳನ್ನು ಚಾಳಿನ ಪುಂಡ ಬೆಕ್ಕುಗಳಿಂದ ಕಾಯಲು ಕೊಡೆ ಹಿಡಿದು ಬಾಗಿಲಲ್ಲಿ ಕೂತವನು ನಾನು. ಸೊಂಟ ಹಿಡಿಯಿತು.

"ಒಂದು ಗುಂಗುರು ಮೊಮ್ಮಗು ಕಣ್ಣಿಲೆ ನೋಡಬೇಕ್ರಿ," ಎನ್ನುತ್ತಿದ್ದ ಅಮೀರಸಾಬ, ಕೆಮ್ಮುತ್ತಲೇ ನನ್ನ ಸೊಂಟಕ್ಕೆಂದು ಒಂದು ಗಾದಿ ಹೊಲಿದು ತಂದ. ಅವನು ಹೊಲಿದ ಕೊನೆಯ ಗಾದಿ ಅದು.

ಕಳೆದ ವಾರ ನೂರಜಹಾನ ಅದರ ಮೇಲೆಯೇ ಹೆತ್ತಳು. ನಾಲ್ಕರಲ್ಲಿ ಒಂದು ಗುಂಗುರು! ಬೈಕುಲ್ಲಾಕ್ಕೆ ಓಡಲು ಚಪ್ಪಲಿ ಮೆಟ್ಟಿದವನು ಹೊಸ್ತಿಲಲ್ಲೇ ನಿಂತುಬಿಟ್ಟೆ.

"ಒಳಗ ಬರ್ರಿ," ಕಾಶವ್ವ ಮೆಲ್ಲಗೆ ಕರೆದಳು. "ಗಾದಿ ಕಡೆ ಮಾತ್ರ ಹೋಗಬ್ಯಾಡ್ರಿ. ಬಾಣಂತಿ ಅದಾಳ."

"ಗಾದಿ ನಂದಲ್ಲೇನ?"

"ಅಮೀರಣ್ಣ ತನ್ನ ಮೊಮ್ಮಗೂಗೆ ಮಾಡಿಟ್ಟು ಹೋಗ್ಯಾನ. ನಿಮಗ ಚಾಪಿ ಹಾಸೀನಿ."

ಚಾಪೆಯಿಂದಲೇ ನೋಡುತ್ತಿರುತ್ತೇನೆ. ಗುಂಗುರು ಮರಿ ಮುಂಗಾಲಿನಿಂದ ಗಾದಿಯನ್ನು ಒತ್ತಿ ಒತ್ತಿ ಪರೀಕ್ಷಿಸುತ್ತದೆ, ಅಮೀರಸಾಬ ಹತ್ತಿಯ ಹದ ನೋಡುತ್ತಿದ್ದಂತೆಯೇ. ಹದ ಸರಿಯಾಗಿದೆಯೆಂದು ಕಾಣುತ್ತದೆ, ಏಳುವ ಲಕ್ಷಣವಿಲ್ಲ.