ಮೊಣಕಾಲುಮಟ್ಟದ ಮಹಾಪ್ರಳಯ

ವೈಜನಾಥರ ಪ್ರಕಾರ ನೀರು ಇರಬೇಕಾದ ಜಾಗ ಎರಡೇ. ಒಂದು ಹಂಡೆ, ಇನ್ನೊಂದು ತಂಬಿಗೆ. ಬಸವಕಲ್ಯಾಣದಲ್ಲಿ ಪಾತ್ರೆ ಅಂಗಡಿ ಇಟ್ಟ ಮನುಷ್ಯ ಹೀಗೆ ಹೇಳಿದರೆ ಜನ ಅದನ್ನು ವ್ಯಾಪಾರದ ಮಾತು ಎಂದುಕೊಳ್ಳುತ್ತಿದ್ದರು. ಅದು ವ್ಯಾಪಾರವಲ್ಲ, ಭಯ. ಏಳು ವರ್ಷದವರಿದ್ದಾಗ ಸೋದರಮಾವನ ಹೊಲದ ಬಾವಿಯಲ್ಲಿ ಪಾಚಿಗಟ್ಟಿದ ಮೆಟ್ಟಿಲ ಮೇಲೆ ಕಾಲು ಜಾರಿ ಅವರು ಮುಳುಗಿದ್ದರು. ಯಾರೋ ಜುಟ್ಟು ಹಿಡಿದು ಮೇಲೆಳೆದರು. ಅಂದು ಕಿವಿಗೆ ನುಗ್ಗಿದ ಹಸಿರು ನೀರಿನ ‘ಗುಂ’ ಎನ್ನುವ ಸದ್ದು ಮೂವತ್ತೈದು ವರ್ಷವಾದರೂ ಹೋಗಿರಲಿಲ್ಲ. (ಜುಟ್ಟು ಮಾತ್ರ ಹೋಗಿತ್ತು. ತಲೆ ಈಗ ತಿಕ್ಕಿಟ್ಟ ತಾಮ್ರದ ಕೊಡದಂತೆ ಹೊಳೆಯುತ್ತಿತ್ತು. ಮತ್ತೊಮ್ಮೆ ಮುಳುಗಿದರೆ ಹಿಡಿದೆಳೆಯಲು ಏನೂ ಇಲ್ಲವಲ್ಲ ಎಂಬುದು ಅವರ ಹೊಸ ಚಿಂತೆ.)

ಇಂಥವರ ಮನೆಗೆ ೨೦೦೫ರ ಮಳೆಗಾಲದಲ್ಲಿ ಒಂದು ಹಳೆಯ ವ್ಯಾನ್ ಬಂತು. ಹೆಂಡತಿ ವಿದ್ಯಾವತಿಯ ಅಣ್ಣ ಹೊಸ ಗಾಡಿ ತಗೊಂಡು, ಹಳೆಯದನ್ನು ತಂಗಿಯ ಬಾಗಿಲಲ್ಲಿ ನಿಲ್ಲಿಸಿ ಹೋಗಿದ್ದ. ಅದೇ ವಾರ ನಾಲ್ಕನೆಯ ಇಯತ್ತೆಯ ಮಗಳು ಪೂನಂ ಶಾಲೆಯಲ್ಲಿ ಚಿತ್ರ ಬರೆದು ತಂದಳು. ಎರಡು ಗುಡ್ಡ, ನಡುವೆ ಸೂರ್ಯ, ಗುಡ್ಡದಿಂದ ಇಳಿಯುವ ನೀಲಿ ಝರಿ.

ಆರು ವರ್ಷದ ತಮ್ಮ ಬಸವಕಿರಣ ಚಿತ್ರದ ಮೇಲೆ ಬೆರಳಿಟ್ಟು ಕೇಳಿದ, “ಈ ನೀರು ಯಾರ್ ಬಿಟ್ಟಾರ?”

“ಯಾರೂ ಬಿಟ್ಟಿಲ್ಲಲೇ. ತಾನೇ ಹರೀತದ.”

“ಮತ್ತ ನಳ ಬಂದ್ ಮಾಡೋರು ಯಾರು?”

ವಿದ್ಯಾವತಿ ಲಟ್ಟಣಿಗೆ ಹಿಡಿದುಕೊಂಡೇ ಅಡುಗೆಮನೆಯಿಂದ ಹೊರಬಂದಳು. “ಕೇಳಿದ್ರೇನ್ರಿ? ನಿಮ್ಮ ಮಗಗ ಹರಿಯೂ ನೀರು ಅಂದ್ರ ನಳದ ನೀರು. ಈ ಐತವಾರ ಗಾಡಿ ತಗೀರಿ. ಹುಡುಗರನ್ನ ಎಲ್ಲ್ಯಾರ ಒಂದು ಝರಿಗೆ ಕರಕೊಂಡು ಹೋಗೂಣು.”

“ಝರಿ ಯಾಕ? ಹಿತ್ತಲದಾಗ ದೊಡ್ಡ ಬೋಗಾಣಿ ಇಟ್ಟು ನೀರು ತುಂಬ್ತೀನಿ. ಅದರಾಗ ಕುಂಡ್ರಲಿ,” ಎಂದರು ವೈಜನಾಥರು.

ವಿದ್ಯಾವತಿ ಲಟ್ಟಣಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ವರ್ಗಾಯಿಸಿದಳು, ಅಷ್ಟೇ. ವೈಜನಾಥರು ಐತವಾರ ಗಾಡಿ ತೆಗೆದರು.

ಮೊದಲ ಭಾನುವಾರ ಹುಮನಾಬಾದ್ ರಸ್ತೆ ಹಿಡಿದರು. ವೈಜನಾಥರು ಗಾಡಿ ಓಡಿಸುವ ವೇಗ ಎಂಥದೆಂದರೆ, ಜೋಳದ ಮೇವು ಹೇರಿದ ಟ್ರ್ಯಾಕ್ಟರುಗಳು ಹಾರ್ನ್ ಹಾಕಿ ಮುಂದೆ ಹೋಗುತ್ತಿದ್ದವು. ರಾಜೇಶ್ವರ ದಾಟಿದ ಮೇಲೆ ಒಂದು ಹಳ್ಳ ಸಿಕ್ಕಿತು. ಮಕ್ಕಳು ಚಪ್ಪಲಿ ಬಿಚ್ಚುವ ಮೊದಲೇ ವೈಜನಾಥರು ಒಂದು ಉದ್ದ ಕೋಲು ತಗೊಂಡು ನೀರಿನ ತಪಾಸಣೆಗೆ ಇಳಿದರು (ಅಂದರೆ ದಂಡೆಯಿಂದ ಎರಡು ಮಾರು ದೂರ ನಿಂತರು). ನೀರಿನ ಬಣ್ಣ ಚಹಾದಂತಿತ್ತು. “ತಳ ಕಾಣವಲ್ದು. ತಳ ಕಾಣದ ನೀರಿಗೆ ನಂಬಿಗಿ ಇಲ್ಲ,” ಎಂದು ತೀರ್ಪು ಕೊಟ್ಟರು. ಗಾಡಿ ಹಿಂದೆ ತಿರುಗಿತು.

ಎರಡನೆಯ ಭಾನುವಾರ ಮುಡಬಿಯ ಕಡೆ ಹೋದರು. ಅಲ್ಲಿನ ನೀರಿನಲ್ಲಿ ತಳ ಚೆನ್ನಾಗಿ ಕಾಣುತ್ತಿತ್ತು, ಆದರೆ ನಾಲ್ಕು ಎಮ್ಮೆಗಳೂ ಕಾಣುತ್ತಿದ್ದವು. ಎಮ್ಮೆ ಕೂತಿದೆ ಎಂದರೆ ಅದರಡಿ ಏನು ಕೂತಿದೆಯೋ ಯಾರಿಗೆ ಗೊತ್ತು ಎಂಬ ಆಳವಾದ ಪ್ರಶ್ನೆ ವೈಜನಾಥರಿಗೆ ಹುಟ್ಟಿತು. ಮತ್ತೆ ವಾಪಸ್. ದಾರಿಯುದ್ದಕ್ಕೂ ಪೂನಂ ಕಿಟಕಿಯ ಕಡೆ ಮುಖ ಮಾಡಿ ಮೌನವಾಗಿ ಕೂತಳು. ಆ ಮೌನ ಅವರಿಗೆ ಎಮ್ಮೆಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

“ಇದು ಕಡೀ ಐತವಾರ ನೋಡ್ರಿ,” ಎಂದಳು ವಿದ್ಯಾವತಿ ಮೂರನೆಯ ವಾರ, ರೊಟ್ಟಿಯ ಗಂಟು ಕಟ್ಟುತ್ತ. “ಈ ಸಲ ಹುಡುಗರು ತೋಯ್ಸಿಕೊಳ್ಳದ ಬಂದ್ರ, ಮುಂದಿನ ಸಲ ನಾನೇ ಗಾಡಿ ಹೊಡೀತೀನಿ.”

ಆಕೆಗೆ ಗಾಡಿ ಹೊಡೆಯಲು ಬರುತ್ತಿರಲಿಲ್ಲ. ಅದಕ್ಕೇ ವೈಜನಾಥರಿಗೆ ಈ ಬೆದರಿಕೆ ನಿಜವೆನಿಸಿತು.

ಘಾಟಬೋರಾಳ ದಾಟಿ, ಗುಡ್ಡದ ಮಗ್ಗುಲಲ್ಲಿ ರಸ್ತೆ ತಿರುಗುವಲ್ಲಿ ಪೂನಂ ಚೀರಿದಳು, “ಪಪ್ಪಾ, ನಿಲ್ಲಸ್ರಿ! ಅಲ್ನೋಡ್ರಿ!”

ಚಿತ್ರದಲ್ಲಿದ್ದಂಥದೇ ಝರಿ. ಕೆಂಪು ಕಲ್ಲಿನ ಗುಡ್ಡದಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಕೆಳಗೆ ಅಗಲವಾಗಿ ಹರಡಿ, ಬಂಡೆಗಳ ನಡುವೆ ಸದ್ದು ಮಾಡುತ್ತ ಹೋಗುತ್ತಿತ್ತು. ದಂಡೆಯಲ್ಲಿ ಶೇವಂತಾಬಾಯಿ ಎಂಬ ಮುದುಕಿ ಏಳೆಂಟು ಆಡುಗಳನ್ನು ಮೇಯಿಸುತ್ತ ಕೂತಿದ್ದಳು. ವೈಜನಾಥರು ಆಕೆಯ ವಿಚಾರಣೆ ಶುರು ಮಾಡಿದರು.

“ಆಯಿ, ಇಲ್ಲಿ ಮಡು ಗಿಡು ಅವ ಏನು?”

“ಇಲ್ರೀ ಸಾವಕಾರ್ರ.”

“ಹಾವು?”

“ಹಾವಿಗೆ ನಿಮ್ಮ ಕಡೆ ಏನ್ ಕೆಲಸದ್ರೀ?”

“ಮ್ಯಾಲ ಮಳಿ ಆಗಿ ಒಮ್ಮೆಲೆ ನೀರು ಬಂದ್ರ?”

ಮುದುಕಿ ಆಕಾಶ ನೋಡಿದಳು. ಒಂದು ಮೋಡವೂ ಇರಲಿಲ್ಲ. ಆಮೇಲೆ ವೈಜನಾಥರನ್ನು ನೋಡಿ, ವಿದ್ಯಾವತಿಯ ಕಡೆ ತಿರುಗಿ ಮೆಲ್ಲಗೆ ಕೇಳಿದಳು, “ಯವ್ವಾ, ಇವರಿಗೆ ಮೈಯಾಗ ಆರಾಮ ಅದ ಇಲ್ಲ?”

ಇಷ್ಟಾದರೂ ವೈಜನಾಥರ ಅಂಜಿಕೆ ಇಳಿಯಲಿಲ್ಲ. ಗಾಡಿಯ ಹಿಂದಿನಿಂದ ಅಂಗಡಿಯ ನೈಲಾನ್ ಹಗ್ಗದ ಎರಡು ಸುರುಳಿ ತಂದರು. ಒಂದನ್ನು ಪೂನಂ ಸೊಂಟಕ್ಕೆ, ಇನ್ನೊಂದನ್ನು ಕಿರಣನ ಸೊಂಟಕ್ಕೆ ಕಟ್ಟಿ, ಎರಡೂ ತುದಿಗಳನ್ನು ತಮ್ಮ ಮುಂಗೈಗೆ ಸುತ್ತಿಕೊಂಡು ಒಂದು ಒಣ ಬಂಡೆಯ ಮೇಲೆ ಸ್ಥಾಪಿತರಾದರು.

“ಸಾವಕಾರ್ರ, ನಾ ಆಡಿಗೂ ಇಷ್ಟ ಬಿಗೀ ಕಟ್ಟಂಗಿಲ್ಲ,” ಎಂದಳು ಶೇವಂತಾಬಾಯಿ.

ಮಕ್ಕಳು ಮಾತ್ರ ಹಗ್ಗವನ್ನು ಮರೆತೇಬಿಟ್ಟರು. ಪೂನಂ ಕಲ್ಲು ಒಟ್ಟಿ ಅಣೆಕಟ್ಟು ಕಟ್ಟತೊಡಗಿದಳು. ಕಿರಣ ಎರಡೂ ಅಂಗೈಯಲ್ಲಿ ನೀರು ತುಂಬಿ ಮೇಲಕ್ಕೆಸೆದು, ಅದು ತನ್ನ ಮೇಲೇ ಬಿದ್ದಾಗ ಪ್ರತಿಸಲವೂ ಆಶ್ಚರ್ಯಪಡುತ್ತಿದ್ದ. ವೈಜನಾಥರು ಒಂದು ಕಣ್ಣು ಗುಡ್ಡದ ಮೇಲೆ, ಒಂದು ಕಣ್ಣು ಮಕ್ಕಳ ಮೇಲೆ ಇಟ್ಟು, ಎರಡು ನಿಮಿಷಕ್ಕೊಮ್ಮೆ “ಒಂದು, ಎರಡು” ಎಂದು ಎಣಿಸುತ್ತಿದ್ದರು. ಇರುವುದು ಎರಡೇ ಮಕ್ಕಳಾದ್ದರಿಂದ ಲೆಕ್ಕ ಬೇಗ ಮುಗಿಯುತ್ತಿತ್ತು. ಮತ್ತೆ ಮೊದಲಿನಿಂದ ಎಣಿಸುತ್ತಿದ್ದರು. ಬಂಡೆಯ ಮೇಲೆ ಕೂತವರ ಬೆನ್ನಲ್ಲಿ ಬೆವರು ಝರಿಗಿಂತ ಜೋರಾಗಿ ಹರಿಯುತ್ತಿತ್ತು.

“ರೀ, ಊಟಕ್ಕ ಬರ್ರಿ. ಶೇಂಗಾ ಹಿಂಡಿ ಹಾಕಾಕತ್ತೇನಿ, ಮೊಸರು ಬೇಕೇನು?” ವಿದ್ಯಾವತಿ ಬೇವಿನ ಗಿಡದ ಕೆಳಗಿಂದ ಕೂಗಿದಳು.

ವೈಜನಾಥರು ಹಿಂತಿರುಗಿ “ಬೇಕು” ಎಂದರು. ಅಷ್ಟೇ ಹೊತ್ತು. ಮೊಸರಿನಷ್ಟೇ ಹೊತ್ತು.

ತಿರುಗಿ ನೋಡಿದರೆ ಕಿರಣನ ಹಗ್ಗ ಒಂದು ಬಂಡೆಯ ಹಿಂದೆ ಹೋಗಿ ಬಿಗಿಯಾಗಿ ನಿಂತಿತ್ತು. ಹುಡುಗ ಕಾಣಲಿಲ್ಲ. “ಕಿರಣಾ, ಈ ಕಡೆ ಬಾ,” ಎಂದು ಹಗ್ಗ ಜಗ್ಗಿದರು. ಆ ಕಡೆಯಿಂದಲೂ ಯಾರೋ ಜಗ್ಗಿದರು. ವೈಜನಾಥರು ಎದ್ದು ನಿಂತು ಎರಡೂ ಕೈಯಿಂದ ಎಳೆದರು. ಬಂಡೆಯ ಹಿಂದಿನಿಂದ ನಾಲ್ಕೂ ಕಾಲು ಊರಿ, ಕುತ್ತಿಗೆ ಚಾಚಿ, ಕರಿಯ ಆಡಿನ ಮರಿಯೊಂದು ಜಾರುತ್ತ ಬಂತು. ಹಗ್ಗದ ಕುಣಿಕೆ ಅದರ ಕುತ್ತಿಗೆಯಲ್ಲಿತ್ತು.

“ಮ್ಯಾಂ,” ಎಂದಿತು.

ಒಂದು ಕ್ಷಣ ಅವರಿಗೆ ಏನೂ ಅರ್ಥವಾಗಲಿಲ್ಲ. ಆಮೇಲೆ ಎಲ್ಲ ಒಮ್ಮೆಲೇ ಅರ್ಥವಾಯಿತು.

“ಪೂನಂ! ತಮ್ಮ ಎಲ್ಲಿ?”

ಪೂನಂ ಅಣೆಕಟ್ಟಿನಿಂದ ತಲೆ ಎತ್ತಿದಳು. “ಈಗ ಇಲ್ಲೇ ಇದ್ನಲ್ರಿ ಪಪ್ಪಾ.”

ಆಗ ಕಂಡಿತು ಕೆಂಪು ಚಪ್ಪಲಿ. ಕಿರಣನದು. ಒಂದೇ. ಅದು ಬಂಡೆಗಳ ನಡುವೆ ಗಿರ್ರನೆ ತಿರುಗುತ್ತ, ತೆಪ್ಪದಂತೆ ಕೆಳಗೆ ಕೆಳಗೆ ಹೋಗುತ್ತಿತ್ತು.

ವೈಜನಾಥರ ಕಿವಿಯಲ್ಲಿ ಗುಂ ಎಂದಿತು. ವಿದ್ಯಾವತಿ ಏನೋ ಕೂಗಿದ್ದು, ಮುದುಕಿ ಎದ್ದದ್ದು, ಯಾವುದೂ ಕೇಳಿಸಲಿಲ್ಲ. ಹಸಿರು ನೀರು, ತೆರೆದ ಬಾಯಿ, ಹಿಡಿಯಲು ಏನೂ ಸಿಗದ ಪುಟ್ಟ ಕೈ, ಇಷ್ಟೇ ಕಣ್ಣ ಮುಂದೆ ಇತ್ತು. ಆ ಕೈ ಮೊದಲು ಅವರದೇ ಆಗಿತ್ತು. ಈಗ ಕಿರಣನದಾಯಿತು. ಮೂವತ್ತೈದು ವರ್ಷ ಸ್ನಾನವನ್ನೂ ತಂಬಿಗೆಯಿಂದಲೇ ಎಚ್ಚರದಿಂದ ಮಾಡಿದ ಮನುಷ್ಯ, ಮುಂಗೈಯ ಹಗ್ಗ ಕಿತ್ತೆಸೆದು, ಬೂಟು ಕೂಡ ಬಿಚ್ಚದೆ ನೀರಿಗೆ ಹಾರಿದರು.

ನಾಲ್ಕು ಹೆಜ್ಜೆ ಓಡಿದ್ದೇ ಓಡಿದ್ದು. ಐದನೆಯ ಹೆಜ್ಜೆ ಪಾಚಿಯ ಕಲ್ಲಿನ ಮೇಲೆ ಬಿತ್ತು. ಆಕಾಶ ಕೆಳಗೆ, ಝರಿ ಮೇಲೆ ಆಯಿತು. ಮೂಗು, ಬಾಯಿ, ಕಿವಿಯೊಳಗೆ ನೀರು. “ಕಿರ...” ಎನ್ನುವಷ್ಟರಲ್ಲಿ ಉಳಿದ ‘ಣಾ’ವನ್ನು ನೀರು ನುಂಗಿತು. ಕೈಕಾಲು ಬಡಿದರು. ಹೋಯಿತು, ನಾನೂ ಹೋದೆ, ಹುಡುಗನೂ ಹೋದ ಎಂದುಕೊಂಡರು. ಹಿಡಿಯಲಿಕ್ಕೆ ಏನಾದರೂ ಸಿಕ್ಕೀತೆಂದು ಎರಡೂ ಕೈಯಿಂದ ಪ್ರಳಯವನ್ನೇ ಕಡೆಯುತ್ತಿದ್ದರು.

“ಪಪ್ಪಾ, ಏನ್ ಮಾಡಾಕತ್ತೀರಿ?”

ದಂಡೆಯ ಪೊದೆಯ ಪಕ್ಕದಲ್ಲಿ ಕಿರಣ ನಿಂತಿದ್ದ. ಒಂದು ಕಾಲಲ್ಲಿ ಚಪ್ಪಲಿ. ಎರಡೂ ಕೈಯಿಂದ ಚಡ್ಡಿ ಮೇಲೆತ್ತಿಕೊಳ್ಳುತ್ತಿದ್ದ.

ವೈಜನಾಥರು ನೀರು ಉಗುಳಿದರು. “ಕಿರಣಾ! ಅಲ್ಲೇ ನಿಂದರು! ನೀರಿಗೆ ಬರಬ್ಯಾಡ! ಆಳ ಅದ!”

“ಇಲ್ರಿ ಪಪ್ಪಾ,” ಎಂದ ಕಿರಣ, ಸಣ್ಣ ಮಕ್ಕಳಿಗೆ ತಿಳಿಹೇಳುವ ಧ್ವನಿಯಲ್ಲಿ. “ಅದು ನನಗ ಸೊಂಟದ ತನಕ ಅದ. ನಿಮಗ ಮೊಣಕಾಲ ತನಕ. ಎದ್ದು ನಿಂದರ್ರಿ.”

ವೈಜನಾಥರು ಕಾಲು ಚಾಚಿದರು. ಮರಳು ಸಿಕ್ಕಿತು. ಕೂತರು. ಕೂತರೆ ನೀರು ಎದೆಯವರೆಗೆ ಮಾತ್ರ ಬಂತು.

“ಎಲ್ಲಿ ಹೋಗಿದ್ಯೋ ನೀನು?” ವಿದ್ಯಾವತಿ ಓಡಿಬಂದು ಮಗನ ತೋಳು ಹಿಡಿದಳು.

“ಉಚ್ಚಿಗೆ ಹೋಗಿದ್ದೆ. ನೀರಾಗ ಮಾಡಬಾರದು ಅಂತ ಪಪ್ಪಾನೇ ಹೇಳಿದ್ರು. ಹಗ್ಗ ಸಡಲ ಆದ್ರ ಪಪ್ಪಾ ಅಂಜ್ತಾರಲ್ಲ, ಅದಕ್ಕ ಮರೀಗೆ ಹಾಕಿದ್ದೆ.”

ವೈಜನಾಥರು ಬೈಯಬೇಕೆಂದು ಬಾಯಿ ತೆರೆದರು. ಬೈಗುಳ ಬರಲಿಲ್ಲ, ಅಳು ಬಂತು. ಹೇಗೂ ಮುಖವೆಲ್ಲ ಒದ್ದೆ. ಯಾರಿಗೂ ಗೊತ್ತಾಗುವಂತಿರಲಿಲ್ಲ. ಮನಸಾರೆ ಅತ್ತು, ಮೂಗು ತೊಳೆದುಕೊಂಡು, ತಲೆ ಕೊಡವಿ ಕಿವಿಗೊಟ್ಟರು. ಝರಿಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ, ಆ ‘ಗುಂ’ ಕೂಡ. ಸರಿ, ಏಳೋಣವೆಂದು ಕಾಲೂರಿ ಸೊಂಟ ಎತ್ತಿದರು.

ಪರ್‍ರ್ ಎಂದಿತು.

ಬಿದ್ದ ರಭಸಕ್ಕೆ ಅರ್ಧ ಬಿಟ್ಟಿದ್ದ ಪ್ಯಾಂಟಿನ ಹೊಲಿಗೆ ಈಗ ಪೂರ್ತಿ ಬಿಟ್ಟಿತು, ಹಿಂಭಾಗದಲ್ಲಿ, ಪಟ್ಟಿಯಿಂದ ಹಿಡಿದು ಬಹುದೂರದವರೆಗೆ. ವೈಜನಾಥರು ಮಿಂಚಿನಂತೆ ಮತ್ತೆ ಕೂತರು. ಹಿಂದೆ ಕೈಯಾಡಿಸಿ ನೋಡಿಕೊಂಡರು. ಪರಿಸ್ಥಿತಿ ಗಂಭೀರವಾಗಿತ್ತು. ಅದೇ ಹೊತ್ತಿಗೆ ಹೊಲದಿಂದ ಹುಲ್ಲಿನ ಹೊರೆ ಹೊತ್ತು ಬಂದ ಮೂವರು ಹೆಂಗಸರು ಗದ್ದಲ ಕೇಳಿ ನಿಂತರು. ಹೊರೆ ಇಳಿಸಿ ಶೇವಂತಾಬಾಯಿಯ ಪಕ್ಕ ಸಾಲಾಗಿ ಕೂತು, ನೀರಿನಲ್ಲಿ ಕೂತ ಸಾವಕಾರರನ್ನು ನೋಡತೊಡಗಿದರು.

“ಬರ್ರಿ ಇನ್ನ ಮ್ಯಾಲ. ರೊಟ್ಟಿ ಆರಾಕತ್ತಾವ,” ಎಂದಳು ವಿದ್ಯಾವತಿ.

“ನೀವು ಊಟ ಮಾಡ್ರಿ. ನಾ... ನಾ ಜರಾ ಹೊತ್ತು ಇಲ್ಲೇ ಕುಂಡ್ರತೀನಿ. ಹಿತ ಅನಸಾಕತ್ತದ.”

ವಿದ್ಯಾವತಿ ಗಂಡನನ್ನೇ ನೋಡಿದಳು. ಆಕೆಯ ಕಣ್ಣು ತುಂಬಿಬಂತು. “ಹನ್ನೆರಡು ವರ್ಷದಾಗ ಇವತ್ತ ನೋಡಿದೆ ನಿಮ್ಮ ಧೈರ್ಯ. ಮಗನ ಸಲುವಾಗಿ ಹಿಂದಮುಂದ ನೋಡದ ಹಾರಿದ್ರಿ. ನಾ ಸುಮ್ನ ನಿಮಗ ಅಂಜುಬುರಕ ಅಂತಿದ್ದೆ.”

“ಇರ್ಲಿ ಬಿಡು. ಒಂದು ಟವೆಲ್...”

“ಹೆದರಿಕಿ ಒಮ್ಮೆ ಬಿಟ್ಟಿತಂದ್ರ ಹಂಗೇ ಬಿಡಬೇಕ್ರಿ. ಮುಂದಿನ ಐತವಾರ ಧಬಧಬಿಗೆ ಹೋಗೂಣು. ಮೂರು ಆಳೆತ್ತರದಿಂದ ನೀರು ಬೀಳ್ತದಂತ. ನೀವು ಹುಡುಗರನ್ನ ಹಿಡಕೊಂಡು ಅದರ ಬುಡಕ್ಕೇ ನಿಂದರ್ರಿ!”

ಪೂನಂ, ಕಿರಣ ಇಬ್ಬರೂ “ಹೋ!” ಎಂದು ಕಿರುಚಿ ನೀರಿಗೆ ಹಾರಿ ಅಪ್ಪನ ಕೊರಳಿಗೆ ಜೋತುಬಿದ್ದರು. “ನೀವು ನಮಗ ಈಜು ಕಲಸ್ತೀರಿ, ಹೌದಿಲ್ರಿ ಪಪ್ಪಾ?”

ಮೂರು ಆಳೆತ್ತರ! ಬಂಡೆ, ಸುಳಿ, ಮಡು! ವೈಜನಾಥರು ಇದನ್ನು ಈಗಲೇ, ಇಲ್ಲೇ, ಖಡಾಖಂಡಿತವಾಗಿ ವಿರೋಧಿಸಬೇಕಿತ್ತು. ಆದರೆ ವಿದ್ಯಾವತಿಯ ಎದುರು ವಾದ ಹೂಡಬೇಕಾದರೆ ಮನುಷ್ಯ ಕನಿಷ್ಠಪಕ್ಷ ಎದ್ದು ನಿಲ್ಲಬೇಕು. ದಂಡೆಯ ಮೇಲಿನ ನಾಲ್ವರು ಹೆಂಗಸರಲ್ಲಿ ಒಬ್ಬಳೂ ಏಳುವ ಲಕ್ಷಣವಿರಲಿಲ್ಲ.

“ಆತು,” ಎಂದರು ವೈಜನಾಥರು, ಕೂತಲ್ಲಿಂದಲೇ. “ಹೋಗೂಣು.”