ನನ್ನ ಸಮುದ್ರದಲ್ಲಿ ಕಾಗೆ ಇರಲಿಲ್ಲ

ಹೆದರುವುದು ಎಲ್ಲರಿಗೂ ಹುಟ್ಟಿನಿಂದಲೇ ಬರುತ್ತದೆ. ಹೆದರಿಸುವುದನ್ನು ಮಾತ್ರ ಕಷ್ಟಪಟ್ಟು ಕಲಿಯಬೇಕು. ನನಗದು ಕೈಹತ್ತಲಿಲ್ಲ. ಮನೆಯಲ್ಲಿ ನಾನು ಗದರಿದರೆ ಬೆಕ್ಕು ಕೂಡ ಮಗ್ಗುಲು ಬದಲಿಸುವುದಿಲ್ಲ. ಶಿಕಾರಿಪುರದಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. “ಹೀಗೇ ಬಿಟ್ಟರೆ ಕಣ್ಣು ಪೂರ್ತಿ ಹೋದೀತು ನೋಡಿ” ಎಂದು ನಾನು ಮುಖ ಬಿಗಿದು ಎಚ್ಚರಿಸಿದರೆ, ಗಿರಾಕಿಗಳು “ಹೌದೇನ್ರೀ? ಹಂಗಾರೆ ಹಬ್ಬ ಕಳೀಲಿ, ಬರ್ತೀವಿ” ಎಂದು ನಗುತ್ತಾ ಹೋಗುತ್ತಾರೆ. ಇಂಥ ನಾನು ಹೋದ ಬೇಸಿಗೆಯಲ್ಲಿ, ಕೇಳಿದವರ ಎದೆ ನಡುಗಬೇಕು ಅಂಥ ಒಂದು ಭಯಾನಕ ಪ್ರಪಂಚವನ್ನು ಸೃಷ್ಟಿಸಲು ಹೊರಟೆ.

ಇದು ಆಟದ ವಿಷಯ. ಮೇಜಿನ ಸುತ್ತ ಕೂತು ಒಬ್ಬ ಕಥೆ ಕಟ್ಟುತ್ತಾನೆ. ಉಳಿದವರು ಆ ಕಥೆಯೊಳಗಿನ ಪಾತ್ರಗಳಾಗಿ “ನಾನು ಹೀಗೆ ಮಾಡ್ತೀನಿ” ಎನ್ನುತ್ತಾರೆ. ಅಂದದ್ದು ನಡೆಯಿತೋ ಇಲ್ಲವೋ ದಾಳ ಹೇಳುತ್ತದೆ. ಪಗಡೆಗೂ ತಾಳಮದ್ದಳೆಗೂ ಗಂಟು ಹಾಕಿದ ಹಾಗೆ. ಮಂಗಳೂರಿನಲ್ಲಿ ಓದುವಾಗ ಹಾಸ್ಟೆಲಿನಲ್ಲಿ ನನಗೂ ಗೆಳೆಯ ಚಂದ್ರುವಿಗೂ ಒಟ್ಟಿಗೇ ಅಂಟಿದ ಚಟ. ಅವನೀಗ ಸೊರಬದಲ್ಲಿ ಹೈಸ್ಕೂಲಿನ ಲೆಕ್ಕದ ಮೇಷ್ಟ್ರು, ಮನೆ ಹೊಸಬಾಳೆ ಹಳ್ಳಿಯಲ್ಲಿ. ನನ್ನ ಹೆಂಡತಿ ಸುಧಾ ಮೂರನೆಯವಳು. ನಾಲ್ಕನೆಯವರು ಶಿರಾಳಕೊಪ್ಪದ ದನದ ಡಾಕ್ಟ್ರು ಬಸವರಾಜ್. ಅವರ ಮನೆ ಇಬ್ಬರಿಗೂ ನಡುದಾರಿಯಾದ್ದರಿಂದ ಭಾನುವಾರ ಮಧ್ಯಾಹ್ನ ನಮ್ಮ ಆಟ ಅವರ ಮಹಡಿಯಲ್ಲಿ.

ಆಟ ನಿಂತುಹೋಗಿತ್ತು. ಚಂದ್ರುವಿನ ತಾಯಿ ತೀರಿಕೊಂಡ ಮೇಲೆ ಅವನು ಬರುವುದನ್ನೇ ಬಿಟ್ಟ. ಫೋನು ಮಾಡಿದರೆ “ಹೂಂ”, “ಉಹೂಂ”. ಶಾಲೆಗೆ ಹೋಗಿ ಬರುತ್ತಾನಂತೆ, ಮನೆಯಲ್ಲಿ ಯಾರೊಂದಿಗೂ ಮಾತಿಲ್ಲವಂತೆ. ಅವನನ್ನು ಹೇಗಾದರೂ ಆ ಮೇಜಿಗೆ ಎಳೆದು ತರಬೇಕಿತ್ತು. ಒಳ್ಳೇ ಭಯ ಹುಟ್ಟಿಸಿದರೆ ದುಃಖ ಬಿಟ್ಟುಹೋಗುತ್ತದೆ ಎಂಬುದು ನನ್ನ ಸಿದ್ಧಾಂತ. ಬಿಕ್ಕಳಿಕೆ ಬಂದವರನ್ನು ಹೆದರಿಸುವುದಿಲ್ಲವೇ, ಹಾಗೆ. ಈ ಸಿದ್ಧಾಂತ ಕೇಳಿ ಸುಧಾ ಎದ್ದು ಒಗ್ಗರಣೆ ಹಾಕಲು ಹೋದಳು.

ಕಡಲ್ಗಳ್ಳರನ್ನು ಆರಿಸಿಕೊಂಡೆ. ಕಪ್ಪು ಹಾಯಿಯ ಹಡಗು, ಮಂಜು, ತಲೆಮಾರುಗಳ ಶಾಪ, ಮುಳುಗಿ ಸತ್ತರೂ ದಡ ಸೇರದ ಆತ್ಮಗಳು. ನಾನು ಸಮುದ್ರವನ್ನು ಸರಿಯಾಗಿ ನೋಡಿದವನಲ್ಲ. ಮಂಗಳೂರಿನಲ್ಲಿದ್ದಾಗಲೂ ಕಾಲು ಒದ್ದೆಯಾದೀತೆಂದು ದೂರವೇ ನಿಂತವನು. ಹಾಗಾಗಿ ಸಂಜೆ ನಮ್ಮೂರ ಕೆರೆ ಏರಿಯ ಮೇಲೆ ನಿಂತು, ಆಚೆ ದಡ ಇಲ್ಲವೆಂದು ಭಾವಿಸಿಕೊಂಡು ಅಲೆಗಳನ್ನು ಕಲ್ಪಿಸುತ್ತಿದ್ದೆ. ಒಂಟಿಕಣ್ಣಿನ ಕಳ್ಳನೊಬ್ಬನನ್ನು ಮಾಡಿದೆ. ವೃತ್ತಿದೋಷ, ಅವನ ಉಳಿದ ಕಣ್ಣಿನ ನಂಬರು ಎಷ್ಟಿರಬಹುದೆಂದು ಯೋಚಿಸುವುದರಲ್ಲೇ ಒಂದು ಸಂಜೆ ಹೋಯಿತು. ಕೊನೆಗೆ ನನ್ನ ಬ್ರಹ್ಮಾಸ್ತ್ರ: ಹಡಗಿನ ಸತ್ತ ಕ್ಯಾಪ್ಟನ್, ಒಬ್ಬ ಮುದುಕಿ. ನೀರು ತೊಟ್ಟಿಕ್ಕುವ ಬಿಳಿ ಕೂದಲು. ಮಾತಿಲ್ಲ. ಸುಮ್ಮನೆ ಬಂದು ಎದುರು ನಿಲ್ಲುತ್ತಾಳೆ. ಮುದುಕಿಯೇ ಏಕೆ ಎಂದು ಆಗ ನನಗೆ ಹೊಳೆಯಲಿಲ್ಲ ನೋಡಿ, ನನ್ನ ಬುದ್ಧಿಗಿಷ್ಟು!

ಅಂತೂ ಚಂದ್ರು ಬಂದ. ಗಡ್ಡ ಬಿಟ್ಟಿದ್ದ, ಕೂತಲ್ಲೇ ಕೂತಿದ್ದ. ನಾನು ದನಿ ತಗ್ಗಿಸಿ ಮಂಜು ಕವಿಸಿದೆ, ಹಲಗೆ ಕಿರುಗುಟ್ಟಿಸಿದೆ. ಬಸವರಾಜ್ ಡಾಕ್ಟ್ರು “ಹಡಗಿನ್ಯಾಗ ಆಡು ಕಟ್ಯಾರಂದ್ರಿ, ಮೇವು ಎಲ್ಲಿಂದ ತರ್ತಾರ್ರೀ?” ಎಂದರು. ನುಂಗಿಕೊಂಡೆ. ಕೊನೆಗೆ ಮುದುಕಿಯನ್ನು ಡೆಕ್ಕಿನ ಮೇಲೆ ತಂದು ನಿಲ್ಲಿಸಿ, “ಈಗ ಏನು ಮಾಡ್ತೀರಿ?” ಎಂದು ಕಣ್ಣರಳಿಸಿದೆ. ಕತ್ತಿ ಹಿರಿಯಬೇಕು, ಇಲ್ಲವೇ ಓಡಬೇಕು. ನಾನು ಎರಡಕ್ಕೂ ಸಿದ್ಧನಾಗಿದ್ದೆ.

“ಅಯ್ಯೋ ಪಾಪ,” ಅಂದಳು ಸುಧಾ. “ಉಂಡಿದಾಳೋ ಇಲ್ವೋ, ಯಾರಾದ್ರೂ ಕೇಳಿದೀರೇನ್ರೀ? ಮೊದಲು ಒಂದು ಎಡೆ ಇಡೋಣ.”

ಡಾಕ್ಟ್ರು ತಕ್ಷಣ ಒಪ್ಪಿದರು. ನನ್ನ ಭೀಕರ ಹಡಗಿನ ಮೇಲೆ ಒಣಮೀನು, ಅನ್ನ, ಒಂದು ಲೋಟ ರಮ್ ಸಾಲಾಗಿ ಬಂದು ಕೂತವು. ಮೈಯೆಲ್ಲ ಉರಿದುಹೋಯಿತು. ಬಾಯಿ ತೆರೆಯುವಷ್ಟರಲ್ಲಿ ಚಂದ್ರು ಮೊದಲ ಬಾರಿಗೆ ತಲೆ ಎತ್ತಿದ.

“ಕಾಗೆ ಐತಾ ಮಾರಾಯ, ನಿನ್ನ ಸಮುದ್ರದಲ್ಲಿ?”

“ನಡುಸಮುದ್ರದಲ್ಲಿ ಕಾಗೆ ಇರಲ್ಲಪ್ಪ,” ಎಂದೆ, ಓದಿಕೊಂಡಿದ್ದ ಜಂಬದಲ್ಲಿ.

“ಮತ್ತೆ ಯಾರು ಮುಟ್ಟಬೇಕು?”

ಆಮೇಲೆ ಅವನೇ ಹೇಳಿದ. “ಅವ್ವನ ಎಡೆ ಕಾಗೆ ಮುಟ್ಲಿಲ್ಲ. ಕೆರೆ ದಂಡೆ ಮೇಲೆ ಇಟ್ಟು ಕಾದ್ವಿ. ಮರದ ಮೇಲೇ ಕೂತಿತ್ತು, ಇಳೀಲೇ ಇಲ್ಲ. ತಂಗೀನ ಚೆನ್ನಾಗಿ ನೋಡ್ಕೊಳ್ತೀನಿ ಅಂದೆ. ಕೆಂದ ಹಸು ಮಾರಲ್ಲ ಅಂದೆ. ಏನು ಮಾತು ಕೊಟ್ರೂ ಇಳೀಲಿಲ್ಲ. ಕಡೀಗೆ ದನಕ್ಕೆ ಹಾಕಿ ಬಂದ್ವಿ. ದೊಡ್ಡಮ್ಮ ಎಲ್ಲರ ಎದುರಿಗೇ ಅಂದ್ಲು, ಮಗನ ಮೇಲೆ ಸಿಟ್ಟು ಇಟ್ಕೊಂಡೇ ಹೋದ್ಲು ಅಂತ. ಯಾವುದಕ್ಕೆ ಸಿಟ್ಟು ಅಂತ ಯೋಚ್ನೆ ಮಾಡ್ತಾನೇ ಇದೀನಿ, ಗೊತ್ತೇ ಆಗ್ತಿಲ್ಲ.”

“ಇರು ಚಂದ್ರು, ಒಂದು ಕಾಗೆ ಹಾರಿ ಬಂತು ಅಂತ ಮಾಡ್ತೀನಿ” ಎಂದೆ. ಅವನು ಒಪ್ಪಲಿಲ್ಲ. “ಕನಿಕರಕ್ಕೆ ಬಂದ ಕಾಗೆ ನಂಗೆ ಬ್ಯಾಡ. ದಾಳ ಹಾಕ್ತೀನಿ.” ಹಾಕಿದ. ಒಂದು ಬಿತ್ತು. ಅದಕ್ಕಿಂತ ಕಡಿಮೆ ಬೀಳಲು ಆ ದಾಳದಲ್ಲಿ ಜಾಗವಿಲ್ಲ. ಸುಧಾ ಸೆರಗಿನಿಂದ ಮೂಗು ಒರೆಸಿಕೊಂಡಳು. ಗೆಳೆಯನ ದುಃಖ ಓಡಿಸಲು ಹೋಗಿ ಅವನ ಅವ್ವ ಎರಡನೇ ಸಲ ಮುನಿಯುವಂತೆ ಮಾಡಿದ್ದೆ.

ಆಗ ಡಾಕ್ಟ್ರು, ಹಸುವಿನ ಕಾಯಿಲೆ ವಿಚಾರಿಸುವ ಧಾಟಿಯಲ್ಲೇ ಕೇಳಿದರು. “ಮೇಷ್ಟ್ರೇ, ಅವತ್ತು ಅಲ್ಲಿ ಎಷ್ಟು ಮಂದಿ ಇದ್ರಿ?”

“ನೆಂಟರು ಇಷ್ಟರು, ಊರಿನ ಅರ್ಧ ಜನ ಇದ್ರು.”

“ಎಡಿ ಸುತ್ತಾನ ನಿಂತಿದ್ರೇನು?”

“ಹೂಂ. ಹುಡುಗರು ಮೊಬೈಲಲ್ಲಿ ವಿಡಿಯೋ ಮಾಡ್ತಿದ್ರು.”

“ಮತ್ತ ಕಾಗಿ ಹೆಂಗ ಇಳೀತೈತ್ರೀ? ನಿಮ್ಮವ್ವಗ ಸಿಟ್ಟಿರಲಿಲ್ರೀ ಮೇಷ್ಟ್ರೇ. ಕಾಗಿಗೆ ಹೆದರಿಕಿ ಇತ್ತು.”

ನಾನು ಇಡೀ ಬೇಸಿಗೆ ತಲೆ ಕೆಡಿಸಿಕೊಂಡು ತರಲಾಗದ ಹೆದರಿಕೆಯ ಮಾತು ಆ ಮೇಜಿನ ಮೇಲೆ ಬಂದದ್ದು ಅದೇ ಮೊದಲು. ಅದೂ ಹೊಸಬಾಳೆಯ ಒಂದು ಕಾಗೆಯ ಬಗ್ಗೆ. ಚಂದ್ರು ದಾಳವನ್ನು ಪಕ್ಕಕ್ಕೆ ಸರಿಸಿ, “ಎಲ್ಲರೂ ಕೆಳಗೆ ಹೋಗ್ರಿ,” ಅಂದ. ಆಟದಲ್ಲಿ ಎಂದು ಅರ್ಥವಾಗಲು ನಮಗೆ ಅರೆಕ್ಷಣ ಬೇಕಾಯಿತು. ಡಾಕ್ಟ್ರು ಆಗಲೇ ಎದ್ದು ಚಪ್ಪಲಿ ಹುಡುಕುತ್ತಿದ್ದರು. “ಎಡೆ ಅಲ್ಲೇ ಇರ್ಲಿ. ಡೆಕ್ಕಿನ ಮೇಲೆ ಯಾರೂ ಬ್ಯಾಡ. ಯಾರೂ ಇಣುಕಬಾರದು.”

ಇಣುಕಲಿಲ್ಲ. ಸ್ವಲ್ಪ ಹೊತ್ತು ಹಾಗೇ ಕೂತಿದ್ದು, ಮೇಲೆ ಬಂದೆವು ಅಂದರು. ಏನಿದೆ ಎಂದು ಹೇಳಬೇಕಾದವನು ನಾನು. ಯೋಚಿಸಿ ಹೇಳಿದೆನೆಂದರೆ ಸುಳ್ಳಾದೀತು, ಬಾಯಿಗೆ ತಾನಾಗಿ ಬಂತು. “ಎಲೆ ಖಾಲಿ ಇತ್ತು. ಮುದುಕಿ ಇರಲಿಲ್ಲ.” ಚಂದ್ರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ನಾವು ಬೇರೆ ಕಡೆ ನೋಡುತ್ತಾ ಕೂತೆವು.

ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲೇ ಬಂದಿದ್ದ, ಗಡ್ಡ ಬೋಳಿಸಿಕೊಂಡು. “ಯಾರ್ನೂ ಕರೀಲಿಲ್ಲ ಮಾರಾಯ. ಅವ್ವಗೆ ಇಷ್ಟದ್ದು ಮಾಡಿಸಿ, ಹಿತ್ತಲಲ್ಲಿ ಎಡೆ ಇಟ್ಟು, ಬೆನ್ನು ಹಾಕಿ ಒಳಗೆ ಬಂದೆ.”

“ಕಾಗೆ ಬಂತಾ?”

“ನೋಡ್ಲಿಲ್ಲ. ಆಮೇಲೆ ಹೋದ್ರೆ ಎಲೆ ಖಾಲಿ.”

ಹಳ್ಳಿಯಲ್ಲಿ ಒಂದು ಎಲೆ ಖಾಲಿ ಮಾಡಬಲ್ಲ ಸಕಲ ಪ್ರಾಣಿಗಳನ್ನೂ ಬಲ್ಲ ಡಾಕ್ಟ್ರು ಬಾಯಿ ತೆರೆದರು. ಸುಧಾ ಆ ಬಾಯಿಗೆ ಒಂದು ಇಡೀ ಮೆಣಸಿನಕಾಯಿ ಬಜ್ಜಿ ತುರುಕಿದಳು. ಚಂದ್ರು ಕುರ್ಚಿ ಎಳೆದುಕೊಂಡು, “ಕಥೆ ಎಲ್ಲಿಗೆ ಬಂದಿತ್ತು?” ಎಂದ.

ಮೊನ್ನೆ ಹಿತ್ತಲಿನಲ್ಲಿ ಮಂಡಕ್ಕಿ ತಿನ್ನುತ್ತಾ ಕೂತಿದ್ದೆ. ಕಾಂಪೌಂಡಿನ ಮೇಲೆ ಒಂದು ಕಾಗೆ ಬಂದು ಕೂತು, ಕತ್ತು ಓರೆ ಮಾಡಿ ತಟ್ಟೆಯನ್ನು ನೋಡಿತು, ನನ್ನನ್ನು ನೋಡಿತು. ನಾನು ತಟ್ಟೆಯನ್ನು ಅಲ್ಲೇ ಬಿಟ್ಟು, ಸದ್ದಾಗದಂತೆ ಎದ್ದು, ಒಳಗೆ ಬಂದು ಬಾಗಿಲು ಮುಂದೆ ಮಾಡಿಕೊಂಡೆ. ಊರನ್ನೆಲ್ಲ ಹೆದರಿಸೋಕೆ ಹೊರಟ ನಮ್ಮ ಯಜಮಾನರು ಕಾಗೆ ಕಂಡು ಒಳಗೆ ಓಡಿಬಂದರು ಎಂದು ಸುಧಾ ಬೀದಿಯಲ್ಲೆಲ್ಲ ಹೇಳಿಕೊಂಡು ನಗುತ್ತಿದ್ದಾಳೆ. ಹೇಳಲಿ ಬಿಡಿ.